ದುಬೈಯಲ್ಲಿ ವೀಸಾ ಮುಗಿದಿದೆ: ಹೊಸ ಕೆಲಸವೋ, ಊರಿನ ದಾರಿಯೋ?

ವೀಸಾ ಮುಗಿದ ಮೇಲೆ ದಂಡವಿಲ್ಲದೆ ಇರಲು ಕೊಡುವ ಗ್ರೇಸ್ ದಿನಗಳೂ ಮುಗಿದರೆ ಇಲ್ಲಿ ದಂಡ ದಿನಕ್ಕೆ 50 ದಿರ್ಹಮ್. ದೇರಾದ ನಮ್ಮ ರೂಮಿನಲ್ಲಿ ಬಂಟ್ವಾಳದ ಹುಡುಗನೊಬ್ಬ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಎಳೆಯುತ್ತಿದ್ದ. 40 ಗೀಟು ಅಂದರೆ 2000 ದಿರ್ಹಮ್. ಹೊಟ್ಟೆ ಉರಿಯುತ್ತೆ, ಅಲ್ವಾ?

ಕೈಯಲ್ಲಿ ಹೊಸ ಆಫರ್ ಲೆಟರ್ ಇದ್ದರೆ ಇಲ್ಲೇ ಇದ್ದು ಹೊಸ ವೀಸಾ ಮಾಡಿಸಿಕೊಳ್ಳುವುದೇ ಒಳ್ಳೆಯದು. ದಂಡ ಕಟ್ಟಬೇಕು, ಮೆಡಿಕಲ್ ಮತ್ತೆ ಆಗಬೇಕು. ಖರ್ಚು ಜಾಸ್ತಿ, ಆದರೆ ಸಂಬಳ ಶುರುವಾಗುತ್ತೆ. "ಇವತ್ತು ನಾಳೆ ವೀಸಾ ಬರುತ್ತೆ, ಕೆಲಸ ಶುರು ಮಾಡು" ಅನ್ನುವವರ ಬಾಯಿಮಾತು ಮಾತ್ರ ನಂಬಬೇಡಿ. ಪರ್ಮಿಟ್ ಇಲ್ಲದೆ ದುಡಿಯುವುದು ಇಲ್ಲಿ ಅಪರಾಧ.

ಆಫರ್ ಇಲ್ಲವೇ? ಊರಿಗೆ ಹೊರಡಿ. ಅಲ್ಲಿಯವರೆಗಿನ ದಂಡ ಕಟ್ಟಬೇಕು, ಆದರೆ ಏರುವುದು ನಿಲ್ಲುತ್ತದೆ. ಪಾಸ್‌ಪೋರ್ಟ್ ಕಳೆದಿದ್ದರೆ ಭಾರತೀಯ ಕಾನ್ಸುಲೇಟಿನಲ್ಲಿ ಎಮರ್ಜೆನ್ಸಿ ಸರ್ಟಿಫಿಕೇಟ್ ಸಿಗುತ್ತದೆ. ಅದು ಊರಿಗೆ ಮರಳಲು ಮಾತ್ರ. ಮಾಲೀಕರು ಪಾಸ್‌ಪೋರ್ಟ್ ಹಿಡಿದಿಟ್ಟಿದ್ದರೆ ಹೆದರಬೇಡಿ, ಹಾಗೆ ಇಟ್ಟುಕೊಳ್ಳುವುದು ಇಲ್ಲಿನ ಕಾನೂನಿಗೆ ವಿರುದ್ಧ.

2024ರ ಸೆಪ್ಟೆಂಬರ್ 1ರಿಂದ ಡಿಸೆಂಬರ್ 31ರವರೆಗೆ ಸರ್ಕಾರ ದಂಡವಿಲ್ಲದೆ ಹೊರಡಲು, ಇಲ್ಲವೇ ವೀಸಾ ಸರಿಪಡಿಸಿಕೊಳ್ಳಲು ಬಿಟ್ಟಿತ್ತು. ಅದು ಇನ್ನೊಮ್ಮೆ ಬರುತ್ತೆ ಅಂತ ಸುಮ್ನೆ ಕೂರಬೇಡಿ. ನಮ್ಮ ಹುಡುಗ 41ನೇ ಗೀಟು ಎಳೆಯದೆ ಮಂಗಳೂರಿನ ವಿಮಾನ ಹತ್ತಿದ.