ಜೋಗದ ಅಕ್ಷರಚಿತ್ರ: ಕೈಬರಹಕ್ಕೆ ಪೂರ್ತಿ ಅಂಕ, ಆರಿದ್ರಾಗೆ ಸೊನ್ನೆ

ಬರೀ ಅಕ್ಷರಗಳಲ್ಲೇ ಜೋಗ ಜಲಪಾತ ಬಿಡಿಸಿರುವ ಒಂದು ಪ್ರಿಂಟ್ ತರಿಸಿಕೊಂಡೆ. ಒಟ್ಟು 75 ಪ್ರತಿ ಮಾತ್ರ. ಕೆಳಗೆ ಎಡಗಡೆ ಪೆನ್ಸಿಲಿನಲ್ಲಿ 31/75 ಅಂತಿದೆ, ಬಲಗಡೆ ಕಲಾವಿದರ ಸಹಿ. ಬೆಲೆ 2,400 ರೂಪಾಯಿ. ಒಂದು ಕಾಗದಕ್ಕೆ ಇಷ್ಟಾ ಅಂತ ಮನೆಯಲ್ಲಿ ಕೇಳಿದರು. ದುಡ್ಡು ಕಳಿಸುವಾಗ ನನಗೂ ಹಾಗೇ ಅನಿಸಿತ್ತು, ಹೇಳಲಿಲ್ಲ ಅಷ್ಟೆ.

ಮೇಜಿನ ಮೇಲೆ ಹಾಸಿದಾಗ ಎಲ್ಲರೂ ಸುಮ್ಮನಾದೆವು. ನಾಲ್ಕು ಧಾರೆಗೂ ಬೇರೆ ಬೇರೆ ಪದ. ರಾಜನಿಗೆ ‘ಧುಮುಕು’. ಇದರ ಮೂರು ಅಕ್ಷರಕ್ಕೂ ಕೊಂಬಿದೆ ನೋಡಿ, ಆ ಮೂರು ಕೊಂಬನ್ನೂ ಹಿಡಿದು ಕೆಳಗಿನ ಗುಂಡಿಯ ತನಕ ಎಳೆದುಬಿಟ್ಟಿದ್ದಾರೆ, 253 ಮೀಟರ್ ಮೇಲಿಂದ ಬೀಳುವ ನೀರು ಅಂದರೆ ಹೀಗೇ ಅಲ್ವಾ, ಎಲ್ಲೂ ನಿಲ್ಲದೆ ಸೀದಾ. ರೋರರ್‌ಗೆ ‘ಭೋರ್ಗರೆ’. ಅದರ ಅರ್ಕಾವತ್ತುಗಳೆಲ್ಲ ನೊರೆಯ ಹಾಗೆ ಪಕ್ಕಕ್ಕೆ ಸಿಡಿದಿವೆ, ನಿಜದಲ್ಲಿ ಹೇಗೋ ಹಾಗೇ ನಡುದಾರಿಯಲ್ಲಿ ಹೋಗಿ ರಾಜನನ್ನು ಸೇರಿಕೊಳ್ಳುತ್ತದೆ. ರಾಕೆಟ್ ಪರವಾಗಿಲ್ಲ. ರಾಣಿಗೆ ಮಾತ್ರ ‘ಜುಳುಜುಳು’ ಅಂತ ಬರೆದಿದ್ದಾರೆ, ಇವರು ಆಗಸ್ಟ್‌ನಲ್ಲಿ ಜೋಗಕ್ಕೆ ಬಂದಿಲ್ಲ ಅಂತ ಕಾಣುತ್ತದೆ.

ಸ್ಕ್ರೀನ್ ಪ್ರಿಂಟ್ ಆದ್ದರಿಂದ ಒಂದೊಂದು ಬಣ್ಣಕ್ಕೂ ಬೇರೆ ಸ್ಕ್ರೀನ್. ಮೊದಲು ಕೆಮ್ಮಣ್ಣಿನ ಬಣ್ಣ, ಅದರ ಮೇಲೆ ಅಕ್ಷರದ ಬಿಳಿ. ಸಾಗರದ ಕಡೆ ದೀವರ ಮನೆಗಳ ಹಸೆ ಚಿತ್ತಾರ ನೋಡಿದವರಿಗೆ ಈ ಜೋಡಿ ಎಲ್ಲಿಂದ ಬಂತು ಅಂತ ಹೇಳಬೇಕಾಗಿಲ್ಲ. ಬೆರಳಾಡಿಸಿದರೆ ಬಿಳಿ ಕೂದಲೆಳೆಯಷ್ಟು ಉಬ್ಬಿದ್ದು ಗೊತ್ತಾಗುತ್ತದೆ. (ಜಾಸ್ತಿ ಮುಟ್ಟಬೇಡಿ, ಕಲೆಯಾಗುತ್ತದೆ. ನಾನು ಮಾಡಿಯಾಯಿತು.)

ಈಗ ತಕರಾರು. ಗುಂಡಿಯ ಕೆಳಗೆ ಸಣ್ಣದಾಗಿ ಮಳೆ ನಕ್ಷತ್ರಗಳ ಹೆಸರಿವೆ: ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಹೀಗೆ. ಇವು ಕೈಬರಹ ಅಲ್ಲ, ಕಂಪ್ಯೂಟರ್ ಫಾಂಟ್. ಅಮ್ಮ ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದವಳು, ಕನ್ನಡಕ ಹಾಕಿಕೊಂಡು ಬಗ್ಗಿದವಳೇ, "ಇದೇನೋ, ದ ಕೆಳಗಿನ ರ ಒತ್ತು ಪಕ್ಕಕ್ಕೆ ಬಿದ್ದಿದೆ! ಆದ್ರೆ ಆರಿದ್ರಾ, ಇಲ್ದಿದ್ರೆ ದರಿದ್ರ ಅಂತಾರೆ, ಅದನ್ನೇ ಮುರಿದು ಇಟ್ಟಿದಾರಲ್ಲ" ಅಂದಳು. ನೋಡಿದರೆ ಹೌದು. ಕನ್ನಡ ಸರಿಯಾಗಿ ಬಾರದ ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ಒಡೆಯುವುದು ಹೊಸದಲ್ಲ, ಬ್ಯಾನರ್‌ಗಳಲ್ಲಿ ದಿನಾ ನೋಡುತ್ತೇವೆ. ಆದರೆ ಅಕ್ಷರವೇ ಚಿತ್ರ ಅಂತ ಮಾರುವವರು ಅಚ್ಚಿಗೆ ಮೊದಲು ಕನ್ನಡ ಓದುವ ಒಬ್ಬರಿಗಾದರೂ ತೋರಿಸಬೇಡವಾ? ಮಾರಿದವರಿಗೆ ಮೆಸೇಜ್ ಮಾಡಿದೆ. ಅದೊಂದು ಸ್ಟೈಲ್ ಅಂತ ಮೊದಲು ಬಂತು, ಆಮೇಲೆ ಸಾರಿ, 75 ಪ್ರತಿಯೂ ಹಾಗೇ ಇದೆ ಅಂತ.

ಆದರೂ ವಾಪಸ್ ಕಳಿಸಲಿಲ್ಲ. ಆ ಮೂರು ಕೊಂಬಿಗಾಗಿಯೇ ಇಟ್ಟುಕೊಂಡೆ. ನಮ್ಮ ಕಡೆಯವರು ತಗೊಂಡರೆ ಒಂದು ಮಾತು: ಗಾಜು ಕಾಗದಕ್ಕೆ ಅಂಟದ ಹಾಗೆ ನಡುವೆ ಮೌಂಟ್ ಬೋರ್ಡ್ ಹಾಕಿಸಿ ಫ್ರೇಮ್ ಮಾಡಿಸಿ, ಹೊರಗೋಡೆಗೆ ನೇತುಹಾಕಬೇಡಿ, ಮಳೆಗಾಲ ಮುಗಿಯುವಷ್ಟರಲ್ಲಿ ಬೂಸ್ಟು ಹಿಡಿಯುತ್ತದೆ. ನಮ್ಮದು ನಡುಮನೆಯಲ್ಲಿದೆ. ಫ್ರೇಮಿಗೆ ಕೊಡುವ ಹಿಂದಿನ ರಾತ್ರಿ ಅಮ್ಮ ಪೆನ್ಸಿಲ್ ಹಿಡಿದು, ಆ ಒತ್ತು ಒಂದು ತಿದ್ದಿಬಿಡ್ಲಾ ಅಂತ ಎರಡು ಸಲ ಕೇಳಿದಳು.