"ಪ್ಯೂರ್ ಬ್ಯಾರ್ಡ್ ರಾಕ್" ಅಂತ ಹುಂಜ ಕೊಳ್ಳುವವರು ಮೊದಲು ಇದನ್ನು ಓದಿ

ಒಂದು ಹುಂಜ, ಏಳೆಂಟು ಹೇಂಟೆ ಇಟ್ಟುಕೊಂಡು ತಳಿ ಉಳಿಸಿಕೊಳ್ಳಲು ಒದ್ದಾಡುವವರು ದಯವಿಟ್ಟು ಪೂರ್ತಿ ಓದಿ. ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ಸಿಟ್ಟು ಅದಕ್ಕಿಂತ ಜಾಸ್ತಿ ಇದೆ. ಪ್ಯೂರ್ ಅಂತ ಹೇಳಿ ನನಗೆ ಬೆರಕೆ ಹುಂಜ ಮಾರಿದ ಮನುಷ್ಯ ಇವತ್ತಿಗೂ ಮಾರುತ್ತಲೇ ಇದ್ದಾನೆ, ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಬೇಕಿದ್ದದ್ದು ಬ್ಯಾರ್ಡ್ ಪ್ಲಿಮತ್ ರಾಕ್ ಹುಂಜ. ಮೈತುಂಬ ಕಪ್ಪು ಬಿಳಿ ಪಟ್ಟೆ ಇರುವ ಕೋಳಿ ತಳಿ ಇದು, ಬ್ಯಾರ್ಡ್ ರಾಕ್ ಅನ್ನೋದೂ ಇದನ್ನೇ. ಹೇಂಟೆಗಳು ಆಗಲೇ ನನ್ನ ಹತ್ತಿರ ಇದ್ದವು. ಒಬ್ಬ ಹಿರಿಯರು ತಮ್ಮ ಹಿಂಡಿನಿಂದ ಆರಿಸಿ ಕೊಟ್ಟಿದ್ದವು. ಹಳದಿ ಕಾಲು, ಕೆಂಪು ಕಿವಿಹಾಲೆ, ಐದು ಮೊನೆಯ ಒಂಟಿ ಜುಟ್ಟು, ಬುಡದವರೆಗೂ ಇಳಿದ ಪಟ್ಟೆ. ಒಂದರಲ್ಲೂ ಬೆರಕೆ ಇಲ್ಲ. ಈ ತಳಿ ಹೇಗಿರಬೇಕು ಅನ್ನೋದು ಯಾರೋ ಬಾಯಿಗೆ ಬಂದಂತೆ ಹೇಳುವ ಮಾತಲ್ಲ. 1874ರಲ್ಲೇ ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ ಇದನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಬಣ್ಣ, ಜುಟ್ಟು, ತೂಕ ಎಲ್ಲಕ್ಕೂ ಲೆಕ್ಕ ಇದೆ. ಬೆಳೆದ ಹುಂಜ ಸುಮಾರು 4.3 ಕೆಜಿ, ಹೇಂಟೆ 3.4 ಕೆಜಿ.

ಆತ ಕಳಿಸಿದ ಫೋಟೋದಲ್ಲಿ ಇದ್ದ ಹುಂಜ ನಿಜವಾಗಿಯೂ ಚೆನ್ನಾಗಿತ್ತು. ತಿಳಿ ಬಣ್ಣ, ಕಪ್ಪು ಬಿಳಿ ಪಟ್ಟೆ ಎರಡೂ ಒಂದೇ ಅಗಲ. "ಇದರ ಮಗನನ್ನೇ ಕೊಡ್ತೀನಿ ಸರ್" ಅಂದ. ತಂದೆ ತಾಯಿಯನ್ನು ನೋಡಬೇಕು ಅಂದೆ. "ಶೆಡ್ ಒಳಗೆ ಯಾರನ್ನೂ ಬಿಡಲ್ಲ ಸರ್, ರೋಗ ಬರುತ್ತೆ" ಅಂದ. ಈ ಮಾತು ಸರಿಯೇ ಅಲ್ವಾ? ಒಳ್ಳೆ ಸಾಕಣೆಗಾರರೂ ಹೀಗೇ ಹೇಳುತ್ತಾರೆ. ಮೋಸಕ್ಕೆ ಇಂಥ ಮಾತೇ ಮರೆ.

ಹುಂಜ ಬಂತು. ಆರೋಗ್ಯವಾಗಿತ್ತು, ಮೈಕಟ್ಟು ಚೆನ್ನಾಗಿತ್ತು, ಪಟ್ಟೆಯೂ ಇತ್ತು. ಬಣ್ಣ ಮಾತ್ರ ಗಾಢ, ನನ್ನ ಹೇಂಟೆಗಳಷ್ಟೇ ಗಾಢ. ಕತ್ತಿನ ಗರಿಯಲ್ಲಿ ಹಿತ್ತಾಳೆಯಂಥ ಕೆಂಪು ಛಾಯೆ. ಅವತ್ತೇ ಫೋನ್ ಮಾಡಿ ಕೇಳಿದೆ. "ಬಿಸಿಲಿಗೆ ಹಾಗಾಗುತ್ತೆ ಸರ್, ಗರಿ ಉದುರಿ ಹೊಸದು ಬಂದ್ರೆ ಸರಿ ಹೋಗುತ್ತೆ." ಬಿಸಿಲಿಗೆ ಬ್ಯಾರ್ಡ್ ಕೋಳಿಯ ಗರಿ ಹಳದಿ ತಿರುಗುವುದು ನಿಜ. ಗಾಢ ಯಾಕೆ ಅಂದೆ. "ವಯಸ್ಸು ಚಿಕ್ಕದು ಸರ್, ತಿಳಿಯಾಗುತ್ತೆ." ಎಲ್ಲದಕ್ಕೂ ಉತ್ತರ ರೆಡಿ ಇತ್ತು.

ಮೊಟ್ಟೆ ಕೂಡಿಸಿ ಇನ್‌ಕ್ಯುಬೇಟರಿಗೆ ಇಟ್ಟೆ. 21ನೇ ದಿನ ಮರಿ ಒಡೆದವು. ಈ ತಳಿ ಸಾಕಿದವರಿಗೆ ಗೊತ್ತು, ಮರಿ ಕಪ್ಪಗಿರುತ್ತದೆ, ನೆತ್ತಿಯ ಮೇಲೆ ಒಂದು ಬಿಳಿ ಬೊಟ್ಟು ಇರುತ್ತದೆ. ಗಂಡಿಗೆ ಬೊಟ್ಟು ದೊಡ್ಡದು, ಅಂಚು ಚದುರಿದಂತೆ ಇರುತ್ತದೆ. ಹೆಣ್ಣಿಗೆ ಚಿಕ್ಕದು, ಒತ್ತಾಗಿರುತ್ತದೆ. ನನ್ನ ಟ್ರೇಯಲ್ಲಿ ಕೆಲವು ಮರಿಗಳಿಗೆ ಬೊಟ್ಟೇ ಇಲ್ಲ. ತುಪ್ಪಳ ಇನ್ನೂ ಒದ್ದೆ ಇದೆ, ಒಣಗಿದ ಮೇಲೆ ಕಾಣಬಹುದು ಅಂದುಕೊಂಡೆ. ಒಣಗಿತು. ಒಂದೊಂದನ್ನೇ ಅಂಗೈಯಲ್ಲಿ ಹಿಡಿದು ದೀಪದ ಕೆಳಗೆ ನೆತ್ತಿಯ ತುಪ್ಪಳ ಬಿಡಿಸಿ ಬಿಡಿಸಿ ನೋಡಿದೆ. ಕಪ್ಪು. ಬರೀ ಕಪ್ಪು. ಆಮೇಲೆ ರೆಕ್ಕೆಯ ಗರಿ ಬಂದಾಗಲೂ ಅವುಗಳಲ್ಲಿ ಒಂದು ಪಟ್ಟೆ ಬರಲಿಲ್ಲ. ಕಪ್ಪು ಬಂದವೆಲ್ಲ ಹೆಣ್ಣೇ.

ಹುಂಜವನ್ನು ಹಿಡಿದು ಕತ್ತಿನ ಗರಿ ಪದರ ಪದರವಾಗಿ ಎತ್ತಿದೆ. ಬಿಸಿಲು ಯಾವತ್ತೂ ತಾಗದ ಒಳಪದರದಲ್ಲೂ ಅದೇ ಕೆಂಪು. ಬಿಸಿಲಂತೆ, ಬಿಸಿಲು!

ಫೋಟೋ ಕಳಿಸಿದೆ. ಬಂದ ಮೊದಲ ಉತ್ತರ: "ನಿಮ್ಮ ಹೇಂಟೆಯಲ್ಲೇ ಬೆರಕೆ ಇದೆ ಸರ್."

ಇಲ್ಲೇ ನನ್ನ ತಲೆ ಕೆಟ್ಟಿತು. ಇದೊಂದನ್ನು ಎಲ್ಲರೂ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ತಂದೆ ತಾಯಿಯ ಗುಣಗಳನ್ನು ಮರಿಗೆ ಹೊತ್ತು ತರುವ ಎಳೆಗೆ ಕ್ರೋಮೋಸೋಮ್ ಅಂತಾರೆ. ಹೆಣ್ಣೋ ಗಂಡೋ ತೀರ್ಮಾನಿಸುವ ಎಳೆ ಎರಡು ಬಗೆ, ಝಡ್ ಮತ್ತು ಡಬ್ಲ್ಯೂ. ಈ ಪಟ್ಟೆಯ ಗುಣ ಇರುವುದು ಝಡ್ ಕ್ರೋಮೋಸೋಮಿನ ಮೇಲೆ. ಹುಂಜಕ್ಕೆ ಎರಡು ಝಡ್. ಹೇಂಟೆಗೆ ಒಂದೇ ಝಡ್, ಇನ್ನೊಂದು ಡಬ್ಲ್ಯೂ. ತಾಯಿ ಮಗಳಿಗೆ ಕೊಡುವುದು ಡಬ್ಲ್ಯೂ. ಮಗಳಿಗೆ ಝಡ್ ಬರುವುದು ತಂದೆಯಿಂದ ಮಾತ್ರ. ಅಂದರೆ ಹೆಣ್ಣುಮರಿಗೆ ಪಟ್ಟೆ ಬಂದರೂ ತಂದೆಯಿಂದ, ಬರದಿದ್ದರೂ ತಂದೆಯಿಂದ. ಪಟ್ಟೆ ಇರುವ ಹೇಂಟೆಯಲ್ಲಿ ಕಪ್ಪು ಅಡಗಿ ಕೂರೋಕೆ ಜಾಗವೇ ಇಲ್ಲ. ಹುಂಜದಲ್ಲಿ ಇದೆ. ಅದರ ಒಂದು ಝಡ್‌ನಲ್ಲಿ ಪಟ್ಟೆ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೂ ಮೈಮೇಲೆ ಪಟ್ಟೆ ಕಾಣುತ್ತದೆ, ಬಣ್ಣ ಗಾಢವಾಗಿರುತ್ತದೆ. ಶುದ್ಧ ಹುಂಜಕ್ಕೆ ಎರಡೂ ಕಡೆ ಪಟ್ಟೆ ಇರುವುದರಿಂದಲೇ ಅದು ಹೇಂಟೆಗಿಂತ ತಿಳಿ. ಕೋಳಿ ಸಾಕುವ ಲೋಕಕ್ಕೆ ಇದು ಗೊತ್ತಾಗಿ ನೂರು ವರ್ಷದ ಮೇಲಾಯಿತು. ಆತನಿಗೆ ಗೊತ್ತಿಲ್ಲ ಅಂತ ನಾನು ನಂಬುವುದಿಲ್ಲ.

ಇದನ್ನೆಲ್ಲ ಬರೆದು ಕಳಿಸಿದೆ. ಬಹಳ ಹೊತ್ತು ಉತ್ತರ ಇಲ್ಲ. ಆಮೇಲೆ: "ಅಷ್ಟೆಲ್ಲ ಓದಿದವರು ನಾವಲ್ಲ ಸರ್. ಕಪ್ಪು ಎಲ್ಲರಿಗೂ ಸ್ವಲ್ಪ ಬರುತ್ತೆ." ಯಾರಿಗೂ ಬರೋದಿಲ್ಲ. ಶುದ್ಧ ಹುಂಜಕ್ಕೆ ಒಂದೇ ಒಂದು ಪಟ್ಟೆ ಇಲ್ಲದ ಮಗಳು ಹುಟ್ಟಬಾರದು. ನನ್ನಲ್ಲಿ ಹುಟ್ಟಿದ ಹೆಣ್ಣುಗಳಲ್ಲಿ ಹತ್ತಿರ ಹತ್ತಿರ ಅರ್ಧ ಕಪ್ಪು. ಲೆಕ್ಕ ಹೇಳುವುದೂ ಅದನ್ನೇ. ನೀವು ಪ್ಯೂರ್ ಅಂತ ಹೇಳಿ ಕೊಟ್ಟಿರಲ್ಲ ಅಂದೆ. "ಪ್ಯೂರ್ ಅಂದ್ರೆ ನಮ್ಮ ಫಾರಂ ಪ್ಯೂರ್ ಸರ್." ಹಣ ವಾಪಸ್ ಕೊಡಿ ಅಂದೆ. "ಜೀವ ಇರೋ ಮಾಲು, ವಾಪಸ್ ತಗೊಳಲ್ಲ."

ಕೊನೆಯ ಮಾತು ಕೇಳಿ. ಇದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. "ಆ ಕಪ್ಪು ಮರಿ ಬೇಡ ಅಂದ್ರೆ ನಂಗೇ ಕೊಟ್ಬಿಡಿ ಸರ್, ಆಸ್ಟ್ರಲಾರ್ಪ್ ಅಂತ ಹೋಗುತ್ತೆ."

ಆಸ್ಟ್ರಲಾರ್ಪ್ ಅಂತ ಹೋಗುತ್ತಂತೆ! ಅದು ಕಪ್ಪು ಬಣ್ಣದ ಬೇರೆಯದೇ ಕೋಳಿ ತಳಿ. ನನ್ನ ಗೂಡಿನ ಮರಿಯನ್ನೇ ಇನ್ನೊಬ್ಬರ ತಲೆಗೆ ಕಟ್ಟೋಕೆ ಕೇಳುತ್ತಿದ್ದಾನೆ. ಆಸ್ಟ್ರಲಾರ್ಪ್‌ಗೆ ಅಂಗಾಲು ಬಿಳಿ ಇರಬೇಕು. ಇವುಗಳ ಅಂಗಾಲು ಹಳದಿ. ಅದನ್ನು ತಿರುಗಿಸಿ ನೋಡದ ಯಾರಿಗೋ ಹೋಗುತ್ತಿತ್ತು. ಆ ಒಂದು ಮಾತಿನಲ್ಲೇ ಆತನ ಇಡೀ ವ್ಯಾಪಾರ ಗೊತ್ತಾಯಿತು.

ಈ ಹುಂಜ ಎಲ್ಲಿಂದ ಬಂದಿರುತ್ತದೆ ಅನ್ನೋದೂ ಈಗ ನನಗೆ ಅನುಮಾನವಿಲ್ಲ. ರೋಡ್ ಐಲ್ಯಾಂಡ್ ರೆಡ್ ಅನ್ನೋ ಕೆಂಪು ಗರಿಯ ತಳಿಯ ಹುಂಜಕ್ಕೆ ಬ್ಯಾರ್ಡ್ ಹೇಂಟೆ ಬಿಟ್ಟರೆ ಹುಟ್ಟುವ ಹೆಣ್ಣೆಲ್ಲ ಕಪ್ಪು, ಗಂಡೆಲ್ಲ ಪಟ್ಟೆ. ಮೊದಲ ದಿನವೇ ನೆತ್ತಿ ನೋಡಿ ಹೆಣ್ಣು ಗಂಡು ಬೇರೆ ಮಾಡಬಹುದು ಅಂತ ಮೊಟ್ಟೆಗಾಗಿ ಸಾಕುವವರು ಈ ಕ್ರಾಸ್ ಬೇಕಂತಲೇ ಮಾಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಹೆಣ್ಣು ಮೊಟ್ಟೆಗೆ ಹೋಗುತ್ತದೆ. ಗಂಡು ಮಾತ್ರ ಯಾರಿಗೂ ಬೇಡ. ಅದನ್ನೇ ಬೆಳೆಸಿ "ಬ್ಯಾರ್ಡ್ ರಾಕ್, ಪ್ಯೂರ್" ಅಂತ ನಮ್ಮಂಥವರಿಗೆ ದಾಟಿಸುವುದು ಶುದ್ಧ ಮೋಸ.

ಹೋಗಿದ್ದು ಹುಂಜದ ಹಣ ಒಂದೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಆ ತಂಡದ ಒಂದು ಮರಿಯನ್ನೂ ನಾನು ತಳಿಗೆ ಇಟ್ಟುಕೊಳ್ಳುವ ಹಾಗಿಲ್ಲ. ಗಂಡುಮರಿಗಳಿಗೆಲ್ಲ ಪಟ್ಟೆ ಇದೆ, ತಾಯಿಯಿಂದ ಬಂದಿರುತ್ತದೆ. ಆದರೆ ಅರ್ಧದಷ್ಟು ಗಂಡುಗಳ ಒಳಗೆ ಇದೇ ಕಪ್ಪು ಕೂತಿದೆ. ಪಟ್ಟೆ ಬಂದ ಹೆಣ್ಣುಗಳ ರಕ್ತದಲ್ಲೂ ರೆಡ್ ಸೇರಿದೆ. ಹುಂಜವನ್ನು ಆಚೆ ಕಟ್ಟಿದ ಮೇಲೂ ಹೇಂಟೆಯ ಹೊಟ್ಟೆಯಲ್ಲಿ ಅದರ ಬೀಜ ಎರಡು ಮೂರು ವಾರ ಜೀವಂತ ಇರುತ್ತದೆ. ಆ ಮೊಟ್ಟೆಯೂ ಕಾವಿಗೆ ಬರೋದಿಲ್ಲ. ಹೊಸ ಹುಂಜ ಹುಡುಕಬೇಕು, ಅದು ಹೊಂದಿಕೊಳ್ಳಬೇಕು, ಮರಿ ಆಗಬೇಕು, ಮರಿ ಬೆಳೆದು ಆರಿಸುವ ಹಾಗೆ ಆಗಬೇಕು. ಒಂದು ಇಡೀ ಪೀಳಿಗೆ ಹೋಯಿತು. ಮೊಟ್ಟೆ ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದವರ ಮನೆಗೆ ಹೋಗಿ, ಇಲ್ಲ, ಕೊಡೋಕೆ ಆಗಲ್ಲ, ಹುಂಜ ಬೆರಕೆ ಅಂತ ಹೇಳಿ ಬಂದೆ. ಅವರು ಏನೂ ಅನ್ನಲಿಲ್ಲ. ನನಗೆ ಮುಖ ಎತ್ತೋಕೆ ಆಗಲಿಲ್ಲ.

ಹುಂಜ ಕೊಳ್ಳುವಾಗ ಒಂದು ಹೇಂಟೆಯ ಪಕ್ಕ ನಿಲ್ಲಿಸಿ ನೋಡಿ. ಹೇಂಟೆಯಷ್ಟೇ ಗಾಢ ಇದ್ದರೆ ಬಿಟ್ಟು ಬನ್ನಿ. ಕತ್ತಿನ ಗರಿ, ಸೊಂಟದ ಗರಿ ಬುಡದವರೆಗೂ ಎತ್ತಿ ನೋಡಿ, ಕೆಂಪು ಇದ್ದರೆ ಬಿಸಿಲಿನ ಕಥೆ ಕೇಳಬೇಡಿ. ಅದೇ ಶೆಡ್ಡಲ್ಲಿ ರೆಡ್ ಹುಂಜ ಇದೆಯಾ ಕೇಳಿ. ಕೊಂಡ ಮೇಲೂ ಎಲ್ಲ ಹೇಂಟೆಗೆ ಬಿಡಬೇಡಿ. ಮೊದಲು ಒಂದೆರಡಕ್ಕೆ ಬಿಟ್ಟು ಮರಿಗಳ ನೆತ್ತಿ ನೋಡಿ.

ಆತ ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ. ಆ ತಿಳಿ ಬಣ್ಣದ ಹುಂಜದ ಫೋಟೋ ಮಾತ್ರ ಇನ್ನೂ ಓಡಾಡುತ್ತಿದೆ, ಮೊನ್ನೆ ಬೇರೆಯವರ ಫೋನಲ್ಲಿ ನೋಡಿದೆ. ನೀಲಿ ಡ್ರಮ್ಮಿನ ಮುಂದೆ ಬಲಕ್ಕೆ ತಿರುಗಿ ನಿಂತಿದೆ. ಅದು ನಿಮಗೂ ಬಂದರೆ, ಅದೇ ಹುಂಜದ ಪಕ್ಕ ಇವತ್ತಿನ ತಾರೀಖು ಬರೆದ ಚೀಟಿ ಇಟ್ಟು ವಿಡಿಯೋ ಮಾಡಿ ಕಳಿಸಿ ಅನ್ನಿ. ಅದು ಬರುವವರೆಗೆ ಒಂದು ಪೈಸೆ ಕೊಡಬೇಡಿ.