ಅಂಗನವಾಡಿಯೋ, ಪೌಷ್ಟಿಕ ಪುನರ್ವಸತಿ ಕೇಂದ್ರವೋ?

ಮಾಲೂರಿನ ಇಟ್ಟಿಗೆ ಗೂಡಿಗೆ ವಲಸೆ ಬಂದ ಕುಟುಂಬದ ಮಗು ಸೊರಗಿದ್ದರೆ ಎಲ್ಲಿಗೆ ಕಳಿಸಬೇಕು? ಮೊದಲು ಅಂಗನವಾಡಿಯಲ್ಲಿ ತೋಳಿನ ಸುತ್ತಳತೆ ನೋಡಿಸಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ. 11.5ರಿಂದ 12.5ರೊಳಗಿದ್ದರೆ ಮಧ್ಯಮ.

ಮಧ್ಯಮವಾಗಿದ್ದು, ಮಗು ಆಡುತ್ತಾ ಚೆನ್ನಾಗಿ ತಿನ್ನುತ್ತಿದ್ದರೆ ಅಂಗನವಾಡಿಯೇ ಸಾಕು. ಖರ್ಚಿಲ್ಲ, ತಾಯಿಯ ಕೂಲಿಯೂ ತಪ್ಪುವುದಿಲ್ಲ. ಬೇರೆ ರಾಜ್ಯದವರು ಅಂತ ಹಿಂಜರಿಯಬೇಡಿ, ವಲಸಿಗರ ಮಕ್ಕಳಿಗೂ ಅಲ್ಲಿ ಪಾಲಿದೆ. ಕೊರತೆ ಒಂದೇ: ಮೂರು ವರ್ಷದೊಳಗಿನವರಿಗೆ ಮನೆಗೆ ಕೊಡುವ ಆಹಾರ ಮನೆಮಂದಿಗೆಲ್ಲ ಹಂಚಿಹೋಗುತ್ತದೆ. ಹಸಿದ ಮನೆಯಲ್ಲಿ ಅದು ಸಹಜ ಅಲ್ವಾ?

ತೀವ್ರ ಅಪೌಷ್ಟಿಕತೆಯ ಜೊತೆ ಜ್ವರ, ಭೇದಿ ಇದ್ದರೆ, ಊಟ ಸೇರದಿದ್ದರೆ, ಅಥವಾ ಎರಡೂ ಪಾದ ಊದಿದ್ದರೆ ಪೌಷ್ಟಿಕ ಪುನರ್ವಸತಿ ಕೇಂದ್ರಕ್ಕೇ, ಅಂದರೆ ಇಂಥ ಮಕ್ಕಳನ್ನು ಸೇರಿಸಿಕೊಂಡು ಚಿಕಿತ್ಸೆ ಕೊಡುವ ಆಸ್ಪತ್ರೆಯ ವಿಭಾಗಕ್ಕೇ, ಹೋಗಬೇಕು. ಪಾದ ಊದಿದ್ದರಂತೂ ಅಳತೆ ಎಷ್ಟೇ ಬಂದಿರಲಿ, ತಡ ಮಾಡಬೇಡಿ. ಇಂಥ ಮಗುವಿಗೆ ಒಮ್ಮೆಲೇ ಹೊಟ್ಟೆತುಂಬ ಉಣಿಸುವುದು ಅಪಾಯ. ಅಲ್ಲಿ ಹಾಲಿನ ವಿಶೇಷ ಆಹಾರವನ್ನು ಸ್ವಲ್ಪ ಸ್ವಲ್ಪವೇ, ರಾತ್ರಿಯೂ ಕೊಡುತ್ತಾರೆ. ಸುಮಾರು 14 ದಿನ ತಾಯಿ ಜೊತೆಗಿರಬೇಕು. ಕೂಲಿ ನಷ್ಟಕ್ಕೆ ಭತ್ಯೆ ಉಂಟು, ಸೇರಿಸುವಾಗಲೇ ಕೇಳಿ. ಗೂಡಿನಲ್ಲಿ ಉಳಿದ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವುದೇ ದೊಡ್ಡ ತೊಡಕು. ಅದನ್ನು ಹೊರಡುವ ಮೊದಲೇ ಆಶಾ ಕಾರ್ಯಕರ್ತೆಯ ಹತ್ತಿರ ಮಾತಾಡಿ.